ಗೋಪುರದ ಕೆಳಗಿನ ಮಣ್ಣು



ವೃತ್ತಿಯಿಂದ ವೈದ್ಯನಾದ ನಾನು ಮಣ್ಣಿನ ವಿಷಯವನ್ನು ಏಕೆ ಆರಿಸಿಕೊಂಡೆನೆಂದು ತಾವು ಕೇಳಬಹುದು. ಅಲೆನ್ ಸುತ್ತಮುತ್ತ ನೆಲೆಸಿದ ನಮಗೆ ಗೋಡೆಯ ಬಿರುಕುಗಳು ಹೊಸತಲ್ಲ. ದೇವಾಲಯ, ಗೋಪುರಗಳ ಕನಸುಗಳೂ ಹೊಸತಲ್ಲ. ಮನೆಯ ಉಳಿತಾಯ, ಸಮುದಾಯದ ದೇಣಿಗೆ ಎರಡೂ ನಿಲ್ಲುವುದು ಕಣ್ಣಿಗೆ ಕಾಣದ ಮಣ್ಣಿನ ಮೇಲೆ. ರೋಗಿಯನ್ನು ಪರೀಕ್ಷಿಸದೆ ಔಷಧ ಬರೆಯಲಾಗದು. ಮಣ್ಣನ್ನು ಪರೀಕ್ಷಿಸದೆ ಅಡಿಪಾಯದ ನಕ್ಷೆಯನ್ನೂ ಬರೆಯಲಾಗದು.

ಡಲ್ಲಾಸ್‌ನಿಂದ ಆಸ್ಟಿನ್‌ವರೆಗೆ ಹಬ್ಬಿರುವ ಕಪ್ಪು ಜೇಡಿಮಣ್ಣು ಧಾರವಾಡ, ಗದಗ, ವಿಜಯಪುರಗಳ ಎರೆಮಣ್ಣಿಗೆ ಹತ್ತಿರದ ಬಂಧು. ಅದರ ಸೂಕ್ಷ್ಮ ಖನಿಜ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ನೀರನ್ನು ಹಿಡಿದಿಡುವ ಈ ಗುಣ ಜೋಳ, ಹತ್ತಿಗಳಿಗೆ ವರ, ಕಟ್ಟಡಕ್ಕೆ ಶಾಪ. ವಿಜಯಪುರದಲ್ಲಿ 1656ರ ವೇಳೆಗೆ ಮುಗಿದ ಗೋಲಗುಮ್ಮಟದ ಅಗಾಧ ಭಾರ ನೆಲದಡಿಯ ಬಂಡೆಯ ಮೇಲೆ ನಿಂತಿದೆಯೆಂದೂ, ಅದು ಅಸಮವಾಗಿ ಕುಸಿಯದಿರಲು ಇದೇ ಕಾರಣವೆಂದೂ ತಜ್ಞರ ಅಭಿಪ್ರಾಯ.

ಡಲ್ಲಾಸ್‌ನ ಎತ್ತರದ ಕಟ್ಟಡಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಋತುಮಾನಕ್ಕೆ ತಕ್ಕಂತೆ ಉಬ್ಬಿ ಕುಗ್ಗುವ ಮೇಲ್ಪದರವನ್ನು ಕೊರೆದು, ಕೆಳಗಿನ ಸುಣ್ಣಕಲ್ಲಿಗೆ ಕಾಂಕ್ರೀಟ್ ಕಂಬಗಳನ್ನು ಇಳಿಸುತ್ತಾರೆ. ಉಬ್ಬುವ ಮಣ್ಣು ಕಂಬದ ಮೈ ಹಿಡಿದು ಮೇಲಕ್ಕೆಳೆಯುವುದರಿಂದ ಕಂಬದ ಉದ್ದಕ್ಕೂ ಉಕ್ಕಿನ ಸರಳುಗಳಿರಬೇಕು. ಕಂಬಗಳನ್ನು ಬೆಸೆಯುವ ತೊಲೆಗಳ ಕೆಳಗೆ ಮಣ್ಣು ಉಬ್ಬಲು ಬರಿಜಾಗವೂ ಇರಬೇಕು. ಆಸ್ಟಿನ್‌ನ ಸಂಗತಿ ಮತ್ತೊಂದು: ಅಲ್ಲಿ ಪಶ್ಚಿಮಕ್ಕೆ ಸುಣ್ಣಕಲ್ಲು, ಪೂರ್ವಕ್ಕೆ ಕಪ್ಪು ಮಣ್ಣು. ಒಂದೇ ಕಟ್ಟಡದ ಒಂದು ಪಾದ ಕಲ್ಲಿನ ಮೇಲೂ ಇನ್ನೊಂದು ಜೇಡಿಯ ಮೇಲೂ ನಿಂತರೆ ಅಪಾಯ ತಪ್ಪದು.

ಹ್ಯೂಸ್ಟನ್‌ನಲ್ಲಾದರೋ ಕಂಬ ಊರಲು ಎಟುಕುವ ಆಳದಲ್ಲಿ ಬಂಡೆಯೇ ಇಲ್ಲ. 1936ರಿಂದ 1939ರವರೆಗೆ ಅಲ್ಲಿಗೆ ಸಮೀಪದಲ್ಲಿ ಕಟ್ಟಿದ 567 ಅಡಿ ಎತ್ತರದ ಸ್ಯಾನ್ ಜಸಿಂಟೊ ಸ್ಮಾರಕ ಸ್ತಂಭಕ್ಕೆ 124 ಅಡಿ ಚದರದ ಒಂದೇ ಕಾಂಕ್ರೀಟ್ ಹಾಸನ್ನು ಹಾಕಿದರು. ನಡುವೆ ಅದರ ದಪ್ಪ 15 ಅಡಿ. ಭಾರಕ್ಕೆ ಜೇಡಿಯೊಳಗಿನ ನೀರು ಮೆಲ್ಲನೆ ಹಿಂಡಿಹೋಗಿ, ಸ್ತಂಭ ದಶಕಗಳಲ್ಲಿ ಸುಮಾರು ಒಂದು ಅಡಿ ಕುಸಿದಿದೆ. ಆದರೂ ನೆಟ್ಟಗೆ ನಿಂತಿದೆ. 1173ರಲ್ಲಿ ಆರಂಭವಾದ ಪೀಸಾ ಗೋಪುರವೂ ಮೆತ್ತನೆಯ ಮಣ್ಣಿನಲ್ಲಿ ಕುಸಿಯಿತು, ಆದರೆ ಒಂದೇ ಬದಿಗೆ. 1990ರಲ್ಲಿ ಅದನ್ನು ಮುಚ್ಚಿ, ಎತ್ತರದ ಬದಿಯ ತಳದಿಂದ ಮಣ್ಣು ತೆಗೆದು, ವಾಲನ್ನು ಸ್ವಲ್ಪ ತಗ್ಗಿಸಿ, 2001ರಲ್ಲಿ ಮತ್ತೆ ತೆರೆದರು. ಕುಸಿತಕ್ಕಿಂತ ಅಸಮವಾದ ಕುಸಿತವೇ ಘಾತಕವೆಂಬುದು ಈ ಎರಡರಿಂದ ಸ್ಪಷ್ಟ.

ಗೋಪುರಕ್ಕೆ ಗಾಳಿಯ ಚಿಂತೆಯೂ ಉಂಟು. ಬಿರುಗಾಳಿ ತಳ್ಳಿದಾಗ ಅಡಿಪಾಯದ ಒಂದು ಬದಿ ಒತ್ತಲ್ಪಡುತ್ತದೆ, ಎದುರಿನ ಬದಿ ಮೇಲೇಳಲು ಹವಣಿಸುತ್ತದೆ. ಮಣ್ಣು ಎರಡನ್ನೂ ತಡೆಯಬೇಕು.

ಆದ್ದರಿಂದ ಅಗೆತದ ಕೆಲಸ ಅಲಕ್ಷ್ಯಕ್ಕೆ ತಕ್ಕುದಲ್ಲ. ಹಲವು ಕಡೆ ಕೊರೆದು, ಆಳ ಆಳದ ಮಾದರಿಗಳನ್ನು ಪರೀಕ್ಷಿಸಬೇಕು. ತುಂಬುವ ಮಣ್ಣನ್ನು ತೆಳುಪದರಗಳಲ್ಲಿ, ಹದವಾದ ತೇವದಲ್ಲಿ ದಮ್ಮಸು ಮಾಡಬೇಕು. ಅಗೆದ ತಳ ಬಿಸಿಲಿಗೆ ಒಣಗುವ ಅಥವಾ ಮಳೆಗೆ ನೆನೆಯುವ ಮೊದಲೇ ಕಾಂಕ್ರೀಟ್ ಸುರಿಯಬೇಕು. ಜೇಡಿಗೆ ಸುಣ್ಣ ಬೆರೆಸಿದರೆ ಅದರ ಉಬ್ಬುವ ಸ್ವಭಾವ ತಗ್ಗುತ್ತದೆ.

ನಮ್ಮ ಮನೆಗಳಿಗೂ ಇದೇ ಪಥ್ಯ: ಗೋಡೆಯ ಸುತ್ತ ಮಣ್ಣಿನ ತೇವ ವರ್ಷವಿಡೀ ಒಂದೇ ಸಮನಾಗಿರಲಿ. ಸೂರಿನ ನೀರು ಗೋಡೆಯಿಂದ ದೂರ ಹರಿಯಲಿ. ದೊಡ್ಡ ಮರಗಳು ಗೋಡೆಗೆ ಅಂಟಿ ಬೆಳೆಯದಿರಲಿ. ನಗರದ ನಿಯಮಕ್ಕೊಳಪಟ್ಟು ಬೇಸಗೆಯಲ್ಲಿ ಬುಡಕ್ಕೆ ನಿಧಾನವಾಗಿ ನೀರುಣಿಸಿರಿ. ಇನ್ನು, ಗೋಪುರಕ್ಕೆಂದು ದೇಣಿಗೆ ಕೇಳಲು ಬಂದವರನ್ನು ಶಿಖರದ ಚಿತ್ರಕ್ಕೆ ಮೊದಲು ಮಣ್ಣಿನ ಪರೀಕ್ಷೆಯ ವರದಿ ತೋರಿಸಿರೆಂದು ಕೇಳಿರಿ. ಅದು ಅಪನಂಬಿಕೆಯಲ್ಲ, ಮುಂದಿನ ಪೀಳಿಗೆಯ ಬಗೆಗಿನ ಹೊಣೆಗಾರಿಕೆ.