ಬಿಸಿಲು, ಗಾಳಿ ಮತ್ತು ಒಂದು ಬ್ಯಾಟರಿ

ಜೂನ್‌ನಿಂದ ಆಗಸ್ಟ್‌ವರೆಗೆ ಬೆಂಗಳೂರಿನಲ್ಲಿ ಮೋಡ ಹೆಚ್ಚು. ಸೌರಫಲಕದ ಉತ್ಪಾದನೆ ಇಳಿಯುತ್ತದೆ. ಪಡುವಣ ಗಾಳಿ ಬಲವಾಗಿ ಬೀಸುವುದೂ ಅದೇ ತಿಂಗಳುಗಳಲ್ಲಿ. ವಿದ್ಯುತ್ ಜಾಲದ ಸಂಪರ್ಕವಿಲ್ಲದ ಸಣ್ಣ ವ್ಯವಸ್ಥೆಯಲ್ಲಿ ಇವೆರಡನ್ನೂ ಜೋಡಿಸಿದರೆ ಬ್ಯಾಟರಿ ಬರಿದಾಗುವ ದಿನಗಳು ಕಡಿಮೆಯಾಗುತ್ತವೆ.

ಹಾಗಾದರೆ ಜಯನಗರದ ತಾರಸಿಯ ಮೇಲೂ ಗಾಳಿಯಂತ್ರ ನಿಲ್ಲಿಸಬಹುದೇ? ಲೆಕ್ಕ ಹಾಕಿ ನೋಡಿ. ಗಾಳಿಯ ಸಾಮರ್ಥ್ಯ ಅದರ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗ ಅರ್ಧವಾದರೆ ಸಾಮರ್ಥ್ಯ ಎಂಟರಲ್ಲೊಂದು ಪಾಲು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಗಾಳಿಯ ಸಾಂದ್ರತೆಯೂ ತುಸು ಕಡಿಮೆ. 2 ಮೀಟರ್ ವ್ಯಾಸದ ಚಕ್ರ, ಶೇಕಡ 30 ದಕ್ಷತೆ ಎಂದುಕೊಂಡರೆ, ಸೆಕೆಂಡಿಗೆ 6 ಮೀಟರ್ ವೇಗದ ಗಾಳಿಯಿಂದ ಸುಮಾರು 108 ವ್ಯಾಟ್ ದೊರೆಯುತ್ತದೆ. ಮರಗಳು, ಮಹಡಿಮನೆಗಳು ಅಡ್ಡ ಬಂದು ವೇಗ 3 ಮೀಟರಿಗೆ ಇಳಿದರೆ? ಬರೇ 13-14 ವ್ಯಾಟ್! ಸುಳಿಗಾಳಿಯ ಕಾಟ ಬೇರೆ. ಇಲ್ಲಿ ಇನ್ನೊಂದು ಸೌರಫಲಕ ಹಾಕುವುದೇ ಜಾಣತನ. ಗದಗ, ಚಿತ್ರದುರ್ಗದ ಬೋಳುಗುಡ್ಡಗಳ ಮಾತೇ ಬೇರೆ.

ಎರಡನ್ನೂ ಜೋಡಿಸುವಾಗ ಒಂದು ವ್ಯತ್ಯಾಸವನ್ನು ಗಮನಿಸಿ. ಬ್ಯಾಟರಿ ತುಂಬಿದಾಗ ಸೌರಫಲಕದ ಸಂಪರ್ಕ ಕಡಿದರೆ ಅಪಾಯವಿಲ್ಲ. ಗಾಳಿಯಂತ್ರವಾದರೋ ಹೊರೆಯಿಲ್ಲದೆ ಮಿತಿಮೀರಿ ತಿರುಗಿ ಅಲಗು ಮುರಿದುಕೊಳ್ಳಬಹುದು. ಆದ್ದರಿಂದ ಅದರ ನಿಯಂತ್ರಕವು ಹೆಚ್ಚುವರಿ ವಿದ್ಯುತ್ತನ್ನು ಒಂದು ರೋಧಕಕ್ಕೆ ಹರಿಸಿ ಶಾಖವಾಗಿ ಕಳೆಯುತ್ತದೆ.