ಪಕ್ಕದ ಬೆಂಚಿನಲ್ಲಿ ಕುಳಿತಿರುವ ಜಗತ್ತು

ನೀನು ಯಾವ ಊರಿನವನು ಎಂದು ಕೇಳಿದವರಿಗೆ ತಾನು ಜಗತ್ತಿನ ಪೌರನೆಂದು ಉತ್ತರವಿತ್ತವನು ಗ್ರೀಸ್ ದೇಶದ ದಾರ್ಶನಿಕ ಡಯೋಜಿನಿಸ್. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಈ ಮನುಷ್ಯನ ಮಾತನ್ನು ತತ್ತ್ವಶಾಸ್ತ್ರದ ಚರಿತ್ರೆ ಓದಿದವರೆಲ್ಲರೂ ಬಲ್ಲರು. ಆದರೆ ಆ ಉತ್ತರದ ಹಿಂದಿನ ಸಂಗತಿ ಅನೇಕರ ಗಮನಕ್ಕೆ ಬಂದಿರಲಾರದು. ಆತ ಕಪ್ಪುಸಮುದ್ರದ ತೀರದ ಸಿನೋಪೆ ಎಂಬ ಪಟ್ಟಣದಿಂದ ಗಡೀಪಾರಾದವನು. ತನ್ನ ಊರಿನ ಪೌರತ್ವವನ್ನೇ ಕಳೆದುಕೊಂಡವನು. ಹೀಗೆ ‘ವಿಶ್ವಪೌರ’ ಎಂಬ ಮಾತು ಮೊದಲು ಬಂದದ್ದು ದೇಶ ಸುತ್ತಿ ಬಂದ ಸಿರಿವಂತನ ಬಾಯಿಂದಲ್ಲ, ನೆಲೆ ತಪ್ಪಿದವನ ಬಾಯಿಂದ. ಇನ್ನೊಬ್ಬ ಮಹಾ ದಾರ್ಶನಿಕನಾದ ಇಮ್ಯಾನುಯೆಲ್ ಕಾಂಟ್ ತನ್ನ ಹುಟ್ಟೂರು ಕೋನಿಗ್ಸ್‌ಬರ್ಗಿನಿಂದ ದೂರ ಹೋದವನೇ ಅಲ್ಲ. ಅಂಥವನು 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆದ ಪುಟ್ಟ ಗ್ರಂಥದಲ್ಲಿ, ಪರನಾಡಿನಿಂದ ಬಂದವನನ್ನು ಶತ್ರುವಿನಂತೆ ಕಾಣಬಾರದು, ಇದು ದಯೆಯ ಮಾತಲ್ಲ, ಅವನ ಹಕ್ಕಿನ ಮಾತು ಎಂದು ವಾದಿಸಿದನು. ಒಬ್ಬನಿಗೆ ಊರೇ ಇರಲಿಲ್ಲ. ಇನ್ನೊಬ್ಬನು ಊರು ಬಿಡಲೇ ಇಲ್ಲ. ವಿಮಾನದ ಟಿಕೇಟಿಗೂ ವಿಶ್ವಪೌರತ್ವಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲವೆಂಬುದು ಇಷ್ಟರಿಂದಲೇ ವೇದ್ಯವಾಗುತ್ತದೆ.

ಈ ವಿಚಾರ ಶಾಲೆಯ ಅಂಗಳಕ್ಕೆ ಬಂದು ಬಹಳ ಕಾಲವಾಯಿತು. ಅಂತರರಾಷ್ಟ್ರೀಯ ತಿಳಿವಳಿಕೆ ಮತ್ತು ಶಾಂತಿಗಾಗಿ ಶಿಕ್ಷಣ ನೀಡಬೇಕೆಂದು ಯುನೆಸ್ಕೋ ಸಂಸ್ಥೆ 1974ರಲ್ಲಿಯೇ ಸದಸ್ಯ ರಾಷ್ಟ್ರಗಳಿಗೆ ಶಿಫಾರಸು ಮಾಡಿತ್ತು. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿಯ ಗುರಿಗಳಲ್ಲಿ ವಿಶ್ವಪೌರತ್ವದ ಶಿಕ್ಷಣವೂ ಸಾಂಸ್ಕೃತಿಕ ವೈವಿಧ್ಯದ ಆದರವೂ ಸೇರಿದವು. 2023ರ ನವೆಂಬರಿನಲ್ಲಿ ಯುನೆಸ್ಕೋ ತನ್ನ ಹಳೆಯ ಶಿಫಾರಸನ್ನು ಪರಿಷ್ಕರಿಸಿತು. ಕನ್ನಡಿಗರಿಗೆ ಇದು ಪರಕೀಯ ವಿಚಾರವೂ ಅಲ್ಲ. ಕುವೆಂಪು ಅವರ ವಿಶ್ವಮಾನವ ಸಂದೇಶವನ್ನು ನಮ್ಮ ಮಕ್ಕಳು ಪಾಠವಾಗಿ ಓದುತ್ತಾರೆ. ಅವರ ಜನ್ಮದಿನವಾದ ಡಿಸೆಂಬರ್ 29ನ್ನು ರಾಜ್ಯ ಸರಕಾರ 2015ರಿಂದ ವಿಶ್ವಮಾನವ ದಿನವೆಂದು ಆಚರಿಸುತ್ತ ಬಂದಿದೆ.

ಇಷ್ಟೆಲ್ಲ ಇದ್ದೂ ಪೋಷಕರ ಬಾಯಲ್ಲಿ ಈ ಪದಕ್ಕೆ ಬೇರೆಯೇ ಅರ್ಥ ಬಂದುಬಿಟ್ಟಿದೆ. ಶಾಲಾ ಪ್ರವೇಶದ ದಿನಗಳಲ್ಲಿ ನಮ್ಮ ಬಳಿ ಸಲಹೆ ಕೇಳಲು ಬರುವ ತಾಯಿತಂದೆಯರು ಮಗುವನ್ನು ‘ಅಂತರರಾಷ್ಟ್ರೀಯ ಮಟ್ಟದ’ ಶಾಲೆಗೆ ಸೇರಿಸಬೇಕೆನ್ನುತ್ತಾರೆ. ಅದೇನೆಂದು ವಿಚಾರಿಸಿದರೆ, ಮಗು ಇಂಗ್ಲಿಷನ್ನು ಸರಾಗವಾಗಿ ಮಾತಾಡಬೇಕು, ಮುಂದೆ ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೋಗಲು ಅನುಕೂಲವಾಗಬೇಕು ಎಂಬುದೇ ಮಾತಿನ ತಿರುಳು. ಈ ಆಸೆಯನ್ನು ನಾವು ಹಳಿಯುವುದಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಡುವುದು ಕರಾವಳಿಯ ಕಥೋಲಿಕರಿಗೆ ತಲೆಮಾರುಗಳಿಂದ ಬಂದ ಪಾಡು. ಆದರೆ ಹೊರಟುಹೋಗಬಲ್ಲ ಸಾಮರ್ಥ್ಯವನ್ನು ವಿಶ್ವಪೌರತ್ವವೆಂದು ಕರೆಯಲಾಗದು. ಬಂದವನಿಗೆ, ಅದಕ್ಕಿಂತ ಮಿಗಿಲಾಗಿ ಬಹುಕಾಲದಿಂದ ಇಲ್ಲಿಯೇ ಇದ್ದೂ ಕಣ್ಣಿಗೆ ಬೀಳದವನಿಗೆ, ಬೆಂಚಿನ ಮೇಲೆ ಸರಿದು ಜಾಗ ಕೊಡಬಲ್ಲ ಸಾಮರ್ಥ್ಯ ಅದು ಎಂಬುದು ನಮ್ಮ ನಿಲುವು.

ಮಸಿ ಬಳಿದ ಮುಖಗಳು

ಕೆಲವು ವರ್ಷಗಳ ಹಿಂದೆ ಉತ್ತರ ಕನ್ನಡ ಜಿಲ್ಲೆಯ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ನಮ್ಮನ್ನು ಆಹ್ವಾನಿಸಿದ್ದರು. ‘ಜಗತ್ತಿನ ಮಕ್ಕಳು’ ಎಂಬುದು ಅಂದಿನ ಮೆರವಣಿಗೆಯ ವಿಷಯ. ಜಪಾನ್, ಅರಬಸ್ತಾನ, ಹಾಲೆಂಡ್ ಹೀಗೆ ವೇಷಗಳು ಒಂದೊಂದಾಗಿ ಬಂದವು. ಕೊನೆಗೆ ಆಫ್ರಿಕ ಬಂತು. ಆರೇಳು ಬಾಲಕರು ಮುಖಕ್ಕೂ ತೋಳಿಗೂ ಕಪ್ಪು ಬಣ್ಣ ಬಳಿದುಕೊಂಡು, ಸೊಂಟಕ್ಕೆ ಸೊಪ್ಪು ಕಟ್ಟಿಕೊಂಡು, ಈಟಿ ಹಿಡಿದು ಕಿರುಚುತ್ತ ಕುಣಿದರು. ಸಭೆ ಬಿದ್ದು ಬಿದ್ದು ನಕ್ಕಿತು. ವೇದಿಕೆಯ ಬಲಬದಿಯಲ್ಲಿ ನೆಲದ ಮೇಲೆ ಕುಳಿತಿದ್ದ ಮಕ್ಕಳ ಸಾಲಿನಲ್ಲಿ ಸಿದ್ದಿ ಸಮುದಾಯದ ನಾಲ್ಕೈದು ಮಂದಿ ಇದ್ದರು. ಅವರು ನಗಲಿಲ್ಲ, ಅಳಲೂ ಇಲ್ಲ. ಕಾಲಬೆರಳುಗಳನ್ನು ನೋಡುತ್ತ ಕುಳಿತಿದ್ದರು.

ಶಿಕ್ಷಕರಲ್ಲಿ ದುರುದ್ದೇಶವಿತ್ತೆಂದು ನಾವು ಎಣಿಸುವುದಿಲ್ಲ. ಆಫ್ರಿಕವೆಂದರೆ ಸಮುದ್ರದಾಚೆಯ ಒಂದು ಚಿತ್ರಪಟವೆಂದು ಅವರು ಭಾವಿಸಿದ್ದರು, ಅಷ್ಟೆ. ಆ ಆಫ್ರಿಕ ತಮ್ಮದೇ ಹಾಜರಿ ಪುಸ್ತಕದಲ್ಲಿ ಇದೆಯೆಂಬುದು ಅವರಿಗೆ ಹೊಳೆದಿರಲಿಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಿನಂಚುಗಳಲ್ಲಿ ವಾಸಿಸುವ ಸಿದ್ದಿ ಜನರ ಪೂರ್ವಜರು ಪೂರ್ವ ಆಫ್ರಿಕದಿಂದ ಬಂದವರು. ಬಂದವರು ಎನ್ನುವುದಕ್ಕಿಂತ ತರಲ್ಪಟ್ಟವರು ಎನ್ನುವುದೇ ಸರಿ. ಪೋರ್ಚುಗೀಸರು ಮೊಜಾಂಬಿಕ್ ಮೊದಲಾದೆಡೆಗಳಿಂದ ಗುಲಾಮರನ್ನು ಗೋವೆಗೆ ಸಾಗಿಸುತ್ತಿದ್ದರು. ಅವರಲ್ಲಿ ತಪ್ಪಿಸಿಕೊಂಡವರು ಘಟ್ಟದ ಕಾಡುಗಳನ್ನು ಸೇರಿದರು. ಗುಲಾಮರನ್ನು ಕೊಂಡವರೂ ಮಾರಿದವರೂ ಕ್ರೈಸ್ತರೆನಿಸಿಕೊಂಡವರೇ ಆಗಿದ್ದರೆಂಬುದನ್ನು ನಮ್ಮ ಓದುಗರು ಮರೆಯಬಾರದು. ಇಂದು ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕಥೋಲಿಕರಿದ್ದಾರೆ. ಅವರ ಮನೆಮಾತು ಕೊಂಕಣಿಯ ಒಂದು ಬಗೆ. ತಲೆಮಾರುಗಳ ಕಾಲ ಅವರು ಅಡಕೆ ತೋಟಗಳ ಒಡೆಯರಲ್ಲಿ ಕೂಲಿ ಮಾಡಿ ಬದುಕಿದರು. ಅವರ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಕವದಿಗಳನ್ನು ಇಂದು ವಿದೇಶದ ಕಲಾಸಕ್ತರು ಮೆಚ್ಚಿ ಕೊಳ್ಳುತ್ತಾರೆ. ಕವದಿಯ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮಡಿಸಿ ಹೂವಿನಂತೆ ಕೂರಿಸುವ ಪದ್ಧತಿಯಿದೆ. ಆ ಹೂಗಳಿಲ್ಲದ ಕವದಿ ಬತ್ತಲೆ ಎಂದು ಅವರ ಭಾವನೆ. ಕಥೋಲಿಕ ಸಿದ್ದಿ ಹೆಂಗಸರು ಕೆಲವೊಮ್ಮೆ ಶಿಲುಬೆಯ ಆಕಾರವನ್ನೂ ಅದರಲ್ಲಿ ಹೊಲಿಯುತ್ತಾರೆ.

ಈ ಸಮುದಾಯದ ಬಗೆಗೆ ಹೊರಗಿನವರ ಗಮನ ಹರಿದಾಗಲೂ ಅದು ಹರಿದ ರೀತಿ ವಿಚಾರಾರ್ಹವಾಗಿದೆ. 1987ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರವು ಸಿದ್ದಿ ಬಾಲಕ ಬಾಲಕಿಯರನ್ನು ಆಯ್ದು ಓಟ, ಜಿಗಿತಗಳಲ್ಲಿ ತರಬೇತಿ ನೀಡುವ ಯೋಜನೆಯನ್ನು ಕೈಗೊಂಡಿತು. ಕೆಲವರು ಒಳ್ಳೆಯ ಕ್ರೀಡಾಪಟುಗಳಾದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು, ಮಕ್ಕಳು ಹಿಂದಿರುಗಿದರು. ಅವಕಾಶ ಕೊಟ್ಟದ್ದು ಒಳ್ಳೆಯದೇ. ಆದರೆ ಆಫ್ರಿಕದ ರಕ್ತವಿದೆ, ಆದ್ದರಿಂದ ಓಡಬಲ್ಲರು ಎಂಬ ಎಣಿಕೆಯಲ್ಲಿ ಮನುಷ್ಯನನ್ನು ಅವನ ದೇಹಕ್ಕೆ ಇಳಿಸುವ ಒಂದು ಸೂಕ್ಷ್ಮ ಅಪಾಯವೂ ಇತ್ತು. ಇದಕ್ಕೆ ಪ್ರತಿಯಾಗಿ ನಮಗೆ ಹೆಚ್ಚು ಹಿಡಿಸುವ ಪ್ರಯೋಗವೆಂದರೆ ಹೆಗ್ಗೋಡಿನ ನೀನಾಸಂ ಬಳಗದ್ದು. 1980ರ ದಶಕದಲ್ಲಿ ಅವರು ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳನ್ನೇ ನಟರನ್ನಾಗಿಸಿ, ನೈಜೀರಿಯದ ಕಾದಂಬರಿಕಾರ ಚಿನುವಾ ಅಚೆಬೆಯ ಕೃತಿಯನ್ನು ಕನ್ನಡ ನಾಟಕವಾಗಿ ಆಡಿಸಿದರು. ಆಫ್ರಿಕದ ಕಥೆಯನ್ನು, ಆಫ್ರಿಕದಿಂದ ಬಂದವರ ಮಕ್ಕಳು, ಕನ್ನಡದಲ್ಲಿ ಹೇಳಿದರು. ಅಲ್ಲಿ ಯಾರೂ ಮುಖಕ್ಕೆ ಬಣ್ಣ ಬಳಿದುಕೊಳ್ಳಬೇಕಾಗಲಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲಿಗರು ಅವರೇ.

ಅದೇ ಮುಂಡಗೋಡ ತಾಲೂಕಿನಲ್ಲಿ 1966ರಿಂದ ಟಿಬೆಟಿನ ನಿರಾಶ್ರಿತರ ವಸತಿಯೂ ಇದೆ. ದನ ಮೇಯಿಸುವ ಗೌಳಿಗರಿದ್ದಾರೆ, ಲಂಬಾಣಿಗಳಿದ್ದಾರೆ. ವಿಶ್ವಸಂಸ್ಥೆಯ ದಿನಾಚರಣೆಗೆಂದು ಮಕ್ಕಳಿಂದ ಬಾವುಟಗಳ ಚಿತ್ರ ಬರೆಸುವ ಶಿಕ್ಷಕರು ಶಾಲೆಯ ಬಾಗಿಲಲ್ಲಿ ನಿಂತು ಸಂತೆಗೆ ಹೋಗುವವರನ್ನು ಅರ್ಧ ತಾಸು ನೋಡಿದರೂ ಸಾಕಾಗುತ್ತಿತ್ತು.

ಮೂರು ದಾರಿಗಳು

ಬೇರೆ ಬೇರೆ ಸಂಸ್ಕೃತಿಯ ಮಕ್ಕಳು ಒಂದೇ ಶಾಲೆಯಲ್ಲಿ ಸೇರಿದಾಗ ನಡೆಯಬಹುದಾದ ಹಾದಿಗಳನ್ನು ಕಥೋಲಿಕ ಶಿಕ್ಷಣದ ಹೊಣೆ ಹೊತ್ತ ವ್ಯಾಟಿಕನ್ನಿನ ಮಂಡಳಿ 2013ರ ದಸ್ತಾವೇಜೊಂದರಲ್ಲಿ ವಿವೇಚಿಸಿದೆ. ಒಂದು, ನಿನ್ನದು ನಿನಗೆ ನನ್ನದು ನನಗೆ ಎಂದು ಪರಸ್ಪರ ಮುಟ್ಟದೆ ಬಾಳುವುದು. ಎರಡು, ಬಾ, ಆದರೆ ನಮ್ಮಂತಾಗು ಎನ್ನುವುದು. ಮೂರನೆಯದು, ಇಬ್ಬರೂ ತಮ್ಮತನವನ್ನು ಬಿಡದೆ ಮಾತಿಗೆ ಕುಳಿತು ಇಬ್ಬರೂ ಬೆಳೆಯುವುದು. ಮೊದಲೆರಡನ್ನು ಆ ದಸ್ತಾವೇಜು ಸಾಲದೆಂದು ಬದಿಗಿರಿಸುತ್ತದೆ. ಮೊದಲನೆಯದರ ಬಗೆಗೆ ಹೆಚ್ಚು ಹೇಳಬೇಕಾದ್ದಿಲ್ಲ. ನಮ್ಮ ಶಾಲೆಗಳನ್ನು ಕಾಡುವ ರೋಗ ಎರಡನೆಯದು.

ಅದು ಕ್ರೌರ್ಯದ ರೂಪದಲ್ಲಿ ಬರುವುದಿಲ್ಲ. ಶಿಸ್ತಿನ ರೂಪದಲ್ಲಿ ಬರುತ್ತದೆ. ಸಿದ್ದಿ ಹುಡುಗಿಯ ಗುಂಗುರು ಕೂದಲನ್ನು ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡೇ ಬರಬೇಕೆಂದು ಒತ್ತಾಯಿಸಿದರೆ ಆಕೆ ದಿನವೂ ಬೈಗುಳ ತಿನ್ನಬೇಕಾಗುತ್ತದೆ. ಮನೆಮಾತಿನ ಒಂದು ಪದ ತರಗತಿಯಲ್ಲಿ ನಾಲಗೆಗೆ ಬಂದರೆ ಗೇಲಿ, ಇಂಗ್ಲಿಷ್ ಶಾಲೆಯಾದರೆ ದಂಡ. ಕಟ್ಟಡದ ಕೆಲಸಕ್ಕೆ ಬಂದ ಅಸ್ಸಾಮಿನವರ ಮಗುವಿನ ಹೆಸರನ್ನು ಉಚ್ಚರಿಸಲು ಕಷ್ಟವೆಂದು ಒಂದು ಸುಲಭದ ಹೆಸರು ಕೊಡುತ್ತಾರೆ. ಮೂರು ತಿಂಗಳಲ್ಲಿ ಮಗು ತನ್ನ ಹೆಸರನ್ನು ಕೇಳಿದರೂ ತಿರುಗಿ ನೋಡುವುದಿಲ್ಲ. (ಭಾಷೆಯ ವಿಷಯದಲ್ಲಿ ನಾವು ಕಥೋಲಿಕರು ಬುದ್ಧಿ ಹೇಳುವಷ್ಟು ಶುದ್ಧರಲ್ಲ. ಬಲಿಪೂಜೆ ಯಾವ ಭಾಷೆಯಲ್ಲಿರಬೇಕೆಂದು ನಮ್ಮ ರಾಜ್ಯದ ಇಗರ್ಜಿಗಳಲ್ಲಿ ನಡೆದ ಕಲಹಗಳು ಪತ್ರಿಕೆಗಳಲ್ಲಿ ಬಂದಿವೆ.)

ಇತರರ ನಡುವೆ ಬೆಳೆದರೆ ನಮ್ಮ ಮಕ್ಕಳ ವಿಶ್ವಾಸ ಸಡಿಲವಾಗಲಾರದೆ ಎಂದು ಕೆಲವು ತಾಯಂದಿರು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದದ್ದು. ತನ್ನದು ಏನೆಂದು ಅರಿಯದವನಿಗೆ ಪರರೊಡನೆ ಸಂವಾದವೇ ಸಾಧ್ಯವಿಲ್ಲ. ಆದ್ದರಿಂದ ಮನೆಯ ಜಪಮಾಲೆಯೂ ಭಾನುವಾರದ ಧರ್ಮೋಪದೇಶವೂ ಕಡಿಮೆಯಾಗಬೇಕಿಲ್ಲ. ಆದರೆ ಪಕ್ಕದವನನ್ನು ಅರಿಯದೆ ಉಳಿಸಿಕೊಂಡ ವಿಶ್ವಾಸ ಮುಚ್ಚಿದ ಕೋಣೆಯ ದೀಪದಂತೆ. ಗಾಳಿ ತಾಗುವವರೆಗೆ ಮಾತ್ರ ಅದು ಗಟ್ಟಿ. ಸುಡಾನಿನಲ್ಲಿ ಬಾಲ್ಯದಲ್ಲಿಯೇ ಅಪಹರಿಸಲ್ಪಟ್ಟು ಗುಲಾಮಳಾಗಿ ಮಾರಾಟವಾದ ಜೋಸೆಫಿನ್ ಬಖಿತಾ ಅವರನ್ನು ಧರ್ಮಸಭೆ 2000ನೇ ಇಸವಿಯಲ್ಲಿ ಸಂತಳೆಂದು ಘೋಷಿಸಿತು. ಫೆಬ್ರವರಿ 8ರಂದು ಬರುವ ಆಕೆಯ ಹಬ್ಬವನ್ನು ಸಿದ್ದಿ ಮಕ್ಕಳಿರುವ ಶಾಲೆಯಲ್ಲಿ ಆಚರಿಸಿದರೆ ಅದು ವಿಶ್ವಾಸದ ಪಾಠವೂ ಹೌದು, ಇತಿಹಾಸದ ಪಾಠವೂ ಹೌದು.

ಪರಕೀಯತೆಯ ಕಹಿಯೂ ನಮಗೆ ತಿಳಿಯದ್ದಲ್ಲ. 1990ರಲ್ಲಿ ಇರಾಕ್ ಕುವೈಟನ್ನು ಆಕ್ರಮಿಸಿದಾಗ ಒಂದು ಲಕ್ಷಕ್ಕೂ ಮಿಕ್ಕ ಭಾರತೀಯರನ್ನು ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಲಾಯಿತು. ಅವರಲ್ಲಿ ಕರಾವಳಿಯ ಕುಟುಂಬಗಳೂ ಇದ್ದವು. ವರ್ಷದ ನಡುವೆ, ಅರ್ಧ ಓದಿದ ಪಾಠಗಳೊಡನೆ ಬಂದ ಆ ಮಕ್ಕಳಿಗೆ ಇಲ್ಲಿಯ ಶಾಲೆಗಳು ಜಾಗ ಮಾಡಿಕೊಟ್ಟವು. ಅಂದು ಮಕ್ಕಳಾಗಿದ್ದವರು ಇಂದು ತಾಯಿತಂದೆಯರು.

ಕಾನೂನು ಬಿಟ್ಟದ್ದು

ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2024ರ ಏಪ್ರಿಲಿನಲ್ಲಿ ತನ್ನ ಶಾಲೆಗಳಿಗೆ ಮಾರ್ಗಸೂಚಿಗಳನ್ನು ನೀಡಿತು. ಬೆಳಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಬೇಕು, ಎಲ್ಲ ಧರ್ಮಗಳನ್ನು ಆದರಿಸಬೇಕು, ಇತರ ಧರ್ಮದ ವಿದ್ಯಾರ್ಥಿಗಳ ಮೇಲೆ ಕ್ರೈಸ್ತ ಸಂಪ್ರದಾಯಗಳನ್ನು ಹೇರಬಾರದು ಎಂಬುವು ಅವುಗಳಲ್ಲಿ ಸೇರಿವೆ. ಕೆಲವೆಡೆ ಶಾಲೆಗಳ ಮೇಲೆ ನಡೆದ ದಾಳಿಗಳ ಹಿನ್ನೆಲೆಯಲ್ಲಿ ಭಯದಿಂದ ಹುಟ್ಟಿದ ಸೂಚನೆಗಳಿವು ಎಂದು ಟೀಕಿಸಿದವರುಂಟು. ಇರಬಹುದು. ಭಯದಿಂದ ಆರಂಭವಾದ ಒಳ್ಳೆಯ ಕೆಲಸವನ್ನು ಪ್ರೀತಿಯಿಂದ ಮುಂದುವರಿಸಲು ಅಡ್ಡಿಯೇನೂ ಇಲ್ಲ.

ಆದರೆ ಪ್ರಸ್ತಾವನೆಯನ್ನು ಓದಿಸುವುದು ಸುಲಭ, ಖರ್ಚಿಲ್ಲ. ಖರ್ಚಿನ ಪ್ರಶ್ನೆ ಇರುವುದು ಪ್ರವೇಶದಲ್ಲಿ. ಶಿಕ್ಷಣ ಹಕ್ಕು ಕಾಯಿದೆಯು ಖಾಸಗಿ ಶಾಲೆಗಳಲ್ಲಿ ಶೇಕಡ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು ತೀರ್ಪಿತ್ತಿತು. ಆ ತೀರ್ಪನ್ನು ಪುನಃ ಪರಿಶೀಲಿಸಬೇಕಾದೀತೆಂದು 2025ರಲ್ಲಿ ಅದೇ ನ್ಯಾಯಾಲಯದ ಪೀಠವೊಂದು ಅಭಿಪ್ರಾಯಪಟ್ಟಿದೆ. ಸಂವಿಧಾನದ 30ನೆಯ ವಿಧಿ ನಮಗಿತ್ತ ಹಕ್ಕು ಅಮೂಲ್ಯವಾದದ್ದು, ಅದನ್ನು ಕಾಪಾಡಿಕೊಳ್ಳಲೇಬೇಕು. ಆದರೆ ನ್ಯಾಯಾಲಯದ ವಿನಾಯಿತಿಯನ್ನು ಬಡ ಮಗುವಿಗೆ ಬಾಗಿಲು ಮುಚ್ಚುವ ಅಗುಳಿಯಾಗಿ ಬಳಸುವ ಆಡಳಿತ ಮಂಡಳಿಯೊಂದಿಗೆ ನಮ್ಮ ತಕರಾರಿದೆ. ಸಿದ್ದಿ ಮಗುವೊಂದು ನಮ್ಮ ಶಾಲೆಯೊಳಗೆ ಬರುವುದೇ ಇಲ್ಲವಾದರೆ, ಅದರ ಪಕ್ಕದಲ್ಲಿ ಕುಳಿತು ಕಲಿಯಬೇಕಾದದ್ದನ್ನು ನಮ್ಮ ಮಕ್ಕಳು ಯಾವ ಪುಸ್ತಕದಲ್ಲಿ ಓದಿಯಾರು?

ನಮಗೆ ಪರಿಚಿತರಾದ ಸಮಾಜ ವಿಜ್ಞಾನದ ಶಿಕ್ಷಕಿಯೊಬ್ಬರು ಏಳನೆಯ ತರಗತಿಯ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತಾರೆ. ನಮ್ಮ ಹಿರಿಯರು ಎಲ್ಲಿಂದ ಬಂದವರೆಂದು ಅಜ್ಜ ಅಜ್ಜಿಯರನ್ನು ಕೇಳಿ ಬರಬೇಕು. ಬಳಿಕ ಗೋಡೆಯ ನಕ್ಷೆಯ ಮೇಲೆ ಪ್ರತಿಯೊಬ್ಬರೂ ಬಂದ ಜಾಗದಿಂದ ತಮ್ಮ ಊರಿಗೆ ಒಂದು ನೂಲು ಎಳೆದು ಗುಂಡುಸೂಜಿ ಚುಚ್ಚಬೇಕು. ಸಿದ್ದಿ ಹುಡುಗನ ನೂಲು ಮೊಜಾಂಬಿಕ್‌ನಿಂದ ಬಂತು. ಕಥೋಲಿಕ ಹುಡುಗಿಯದು ಗೋವೆಯಿಂದ. ಲಂಬಾಣಿ ಬಾಲಕ ರಾಜಸ್ಥಾನವನ್ನು ತೋರಿಸಿದ. ತಮ್ಮವರು ಇಲ್ಲಿಯ ಮೂಲದವರೇ ಎಂದು ಗಟ್ಟಿಯಾಗಿ ಹೇಳುತ್ತಿದ್ದ ಹವ್ಯಕ ಹುಡುಗ ಮರುದಿನ ಬಂದು, ಮಯೂರವರ್ಮನ ಕಾಲದಲ್ಲಿ ಅಹಿಚ್ಛತ್ರದಿಂದ ಬಂದರೆಂಬ ಐತಿಹ್ಯವಿದೆಯಂತೆ, ಅಜ್ಜಿ ಹೇಳಿದರು ಎಂದು ತಾನೂ ಒಂದು ನೂಲು ಕೇಳಿದ. ಭಾರತದ ನಕ್ಷೆ ಸಾಲದೆ ಬದಿಗೆ ಆಫ್ರಿಕದ ನಕ್ಷೆಯನ್ನು ಅಂಟಿಸಬೇಕಾಯಿತು. ಈ ವರ್ಷ ಕಟ್ಟಡದ ಕೆಲಸಗಾರರ ಇಬ್ಬರು ಮಕ್ಕಳು ಅಸ್ಸಾಮಿನಿಂದ ಬಂದು ಸೇರಿದ್ದಾರೆ. ಶಿಕ್ಷಕಿ ಜಗತ್ತಿನ ದೊಡ್ಡ ನಕ್ಷೆಯೊಂದನ್ನು ಹುಬ್ಬಳ್ಳಿಯಿಂದ ತರಿಸಲು ಹೇಳಿದ್ದಾರೆ.