ಒಂದು ಮಳೆಗಾಲ ಶೆಡ್ಡಿನಲ್ಲಿ

ದೀಪಾವಳಿ ಕಳೆಯುತ್ತಿದ್ದಂತೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಎರಡು ತಿರುಗಾಟ ಶುರುವಾಗುತ್ತದೆ. ಒಂದು ಯಕ್ಷಗಾನ ಮೇಳಗಳದ್ದು, ಇನ್ನೊಂದು ಕೆಂಪು ಕಲ್ಲು ಹೇರಿಕೊಂಡು ಓಡಾಡುವ ಲಾರಿಗಳದ್ದು. ಎರಡಕ್ಕೂ ಗಡುವು ಒಂದೇ, ಪತ್ತನಾಜೆ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24-25ರ ಹೊತ್ತಿಗೆ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮನೆ ಕಟ್ಟುವವರು ಅಷ್ಟರೊಳಗೆ ಮಾಡು ಮುಚ್ಚಿ, ಬಾಗಿಲು ಕೂರಿಸಿ, ಒಕ್ಕಲು ಮುಗಿಸಬೇಕು. ಆಗದಿದ್ದರೆ? ಆ ಮಳೆಗಾಲ ಶೆಡ್ಡಿನಲ್ಲೇ.

ಶೆಡ್ಡು ಅಂದರೆ ಏನೆಂದು ಈ ಭಾಗದ ಓದುಗರಿಗೆ ಹೇಳಬೇಕಾಗಿಲ್ಲ. ಹಳೆ ಮನೆ ಕೆಡವಿ ಅದೇ ಜಾಗದಲ್ಲಿ ಹೊಸತು ಕಟ್ಟುವವರು ಅಂಗಳದ ಬದಿಯಲ್ಲಿ ಅಡಿಕೆ ಮರದ ಕಂಬ ನೆಟ್ಟು, ಸಲಾಕೆ ಬಡಿದು, ಮೇಲೆ ತಗಡಿನ ಶೀಟು ಹಾಕಿ, ಸುತ್ತ ಟರ್ಪಾಲು ಕಟ್ಟಿಕೊಂಡು ಇರುವ ಬಿಡಾರ. ಅಮೆರಿಕ, ಕೆನಡಾ ಕಡೆಯ ಕೆಲವರು ಮನೆ ಏಳುವವರೆಗೆ ಚಕ್ರದ ಮೇಲಿನ ಕ್ಯಾಂಪರನ್ನು ಸೈಟಿನಲ್ಲೇ ನಿಲ್ಲಿಸಿಕೊಂಡು, ಹಿಮ ಬೀಳುವ ಚಳಿಗಾಲವನ್ನು ಅದರೊಳಗೆ ಕಳೆಯುವ ವಿಡಿಯೊಗಳನ್ನು ನೀವೂ ನೋಡಿರಬಹುದು. ನಮ್ಮದೂ ಅದೇ ಕಥೆ. ಚಕ್ರ ಮಾತ್ರ ಇಲ್ಲ, ಹಿಮದ ಬದಲು ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ.

ವೇಣೂರು ಸಮೀಪದ ನಮ್ಮ ಮನೆಯವರು ಐದು ಮಂದಿ. ಅಪ್ಪ, ಬೀಡಿ ಕಟ್ಟುವ ಅಮ್ಮ, ಅಜ್ಜಿ, ಎಸ್ಸೆಸ್ಸೆಲ್ಸಿಯಲ್ಲಿದ್ದ ತಮ್ಮ ಮತ್ತು ಮೂಡುಬಿದಿರೆಯಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದ ನಾನು. ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಶೆಡ್ಡಿನಲ್ಲಿ ಹದಿನಾಲ್ಕು ತಿಂಗಳು ಇದ್ದೆವು. ಮಣ್ಣಿನ ಗೋಡೆಯ ಹಳೆ ಮನೆಯನ್ನು ನವೆಂಬರಿನಲ್ಲಿ ಕೆಡವಿದಾಗ ‘ಏಪ್ರಿಲಿಗೆ ಒಕ್ಕಲು’ ಎಂಬ ಲೆಕ್ಕವಿತ್ತು. ನಡುವೆ ಒಂದೂವರೆ ತಿಂಗಳು ಕಲ್ಲು ಸಿಗಲಿಲ್ಲ. ಕಲ್ಲು ಬಂದಾಗ ಮೇಸ್ತ್ರಿ ಬೇರೆ ಕೆಲಸ ಹಿಡಿದಿದ್ದರು. ಪತ್ತನಾಜೆಗೆ ಎರಡು ದಿನ ಇರುವಾಗ ಸ್ಲ್ಯಾಬ್ ಹಾಕಿ ಮುಗಿಯಿತು. ಆದರೆ ಬಾಗಿಲಿಲ್ಲ, ಕಿಟಕಿಯಿಲ್ಲ, ನೆಲವಿಲ್ಲ, ವಯರಿಂಗ್ ಇಲ್ಲ. ಕೈಯಲ್ಲಿ ದುಡ್ಡೂ ಇಲ್ಲ.

ಕೆಂಪು ಕಲ್ಲಿನದ್ದೂ ಒಂದು ಕಥೆಯಿದೆ. ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಈ ಕರಾವಳಿಯಲ್ಲಿ ತಿರುಗಾಡಿದಾಗ, ಕೇರಳದ ಅಂಗಡಿಪ್ಪುರಂನಲ್ಲಿ ಜನ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿದು ಮನೆ ಕಟ್ಟುವುದನ್ನು ಕಂಡ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಭೂಮಿಯೊಳಗಿರುವಾಗ ಸುಲಭವಾಗಿ ಕಡಿಯಬಹುದಾದ ಈ ಕಲ್ಲು ಹೊರಬಂದು ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಕಾಂಕ್ರೀಟಿಗೂ ಅಷ್ಟೆ, ಪೂರ್ತಿ ಬಲ ಬರಲು 28 ದಿನದ ಲೆಕ್ಕ. ಯಾವುದೂ ನಮ್ಮ ಅವಸರಕ್ಕೆ ಕಾಯುವುದಿಲ್ಲ ಎಂಬುದನ್ನು ಪುಸ್ತಕದಿಂದ ಅಲ್ಲ, ದಿನಾ ಸ್ಲ್ಯಾಬಿಗೆ ನೀರು ಹೊತ್ತು ಕಲಿತೆವು.

ಶೆಡ್ಡಿನ ಬದುಕಿಗೂ ಅದರದೇ ವಿದ್ಯೆ ಇದೆ. ಮುಂದೆ ಮನೆ ಕಟ್ಟುವವರಿಗೆ ಉಪಯೋಗವಾದೀತು. ಮೊದಲನೆಯದು, ಬೇರೆಲ್ಲದಕ್ಕಿಂತ ಮುಂಚೆ ಕಕ್ಕಸು ಕಟ್ಟಿಸಿ. ಅಡುಗೆ ಮೂರು ಕಲ್ಲಿನ ಮೇಲೂ ಆಗುತ್ತದೆ, ಅದು ಹಾಗೆ ಆಗುವುದಿಲ್ಲ. ಎರಡನೆಯದು, ಶೆಡ್ಡು ಅಂಗಳದ ಎತ್ತರದ ಬದಿಯಲ್ಲಿರಲಿ, ಸುತ್ತ ಒಂದಡಿ ಆಳದ ಕಣಿ ತೋಡಿ. ಮೂರನೆಯದು, ಮಾರ್ಕ್ಸ್ ಕಾರ್ಡು, ಆಧಾರ್, ಜಾಗದ ದಾಖಲೆ ಎಲ್ಲವನ್ನೂ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಡಿ. ಗೋದ್ರೇಜ್ ಕಪಾಟಿಗೆ ಒರಲೆ ಬಾರದಿದ್ದರೂ ತೇವ ಬರುತ್ತದೆ. ನಾಲ್ಕನೆಯದು, ಹಳೆ ಮನೆಯ ಹಂಚುಗಳನ್ನು ಎಸೆಯಬೇಡಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹಬ್ಬಿದ ಈ ಹಂಚಿನ ಬೆಲೆ ಗೊತ್ತಾಗಬೇಕಾದರೆ ಜುಲೈಯಲ್ಲಿ ಒಂದು ರಾತ್ರಿ ತಗಡಿನ ಕೆಳಗೆ ಮಲಗಬೇಕು. ಅಜ್ಜಿಯ ಮಂಚದ ಮೇಲಿನ ಮೂಲೆಗೆ ಮಾತ್ರ ಅಪ್ಪ ಹಂಚು ಹೊದಿಸಿದ್ದರು. ಇಡೀ ಶೆಡ್ಡಿನಲ್ಲಿ ಮಾತು ಕೇಳಿಸುತ್ತಿದ್ದದ್ದು ಅಲ್ಲಿ ಮಾತ್ರ. ತಮ್ಮ ಓದಿದ್ದೂ ಅಲ್ಲೇ.

ಕಷ್ಟವಾದದ್ದು ಅಮ್ಮನಿಗೆ. ಬೀಡಿಯ ಎಲೆ ಕತ್ತರಿಸಬೇಕಾದರೆ ಅದು ಒದ್ದೆಯಾಗಿರಬೇಕು, ಕಟ್ಟಿದ ಬೀಡಿ ಮಾತ್ರ ಒಣಗಿರಬೇಕು. ಶೆಡ್ಡಿನಲ್ಲಿ ಎಲ್ಲವೂ ಒದ್ದೆ. ಕಟ್ಟುಗಳನ್ನು ಒಲೆಯ ಹತ್ತಿರ ಇಟ್ಟು ಬೆಚ್ಚಗೆ ಮಾಡಿ ಬ್ರಾಂಚಿಗೆ ಒಯ್ಯುತ್ತಿದ್ದರು. ತೇವ ಕಂಡರೆ ವಾಪಸ್. ಆ ಮಳೆಗಾಲ ಅಮ್ಮನ ದುಡಿಮೆ ಅರ್ಧಕ್ಕೆ ಇಳಿಯಿತು, ಅದೇ ಹೊತ್ತಿಗೆ ಸಹಕಾರಿ ಸಂಘದ ಸಾಲದ ಕಂತು ಶುರುವಾಯಿತು.

ಜೂನ್ ಮಧ್ಯದಲ್ಲಿ ನನಗೊಂದು ಆನ್‌ಲೈನ್ ಸಂದರ್ಶನ ಬಂತು. ಶೆಡ್ಡಿನಲ್ಲಿ ಮಾತಾಡಿದರೆ ಆಚೆಯವರಿಗೆ ಕೇಳುವುದು ಮಳೆ ಮಾತ್ರ. ಹಾಗಾಗಿ ಸೆಂಟ್ರಿಂಗ್ ಬಿಚ್ಚಿದ ಹೊಸ ಮನೆಯ ಒಳಕೋಣೆಗೆ ಒಂದು ಸ್ಟೂಲು, ಚಾರ್ಜ್ ಮಾಡಿಟ್ಟ ಎಮರ್ಜೆನ್ಸಿ ಲ್ಯಾಂಪು ಒಯ್ದು ಕುಳಿತೆ. ಹಿಂದೆ ಬರೀ ಕೆಂಪು ಕಲ್ಲಿನ ಗೋಡೆ. ‘ನೀವೀಗ ಎಲ್ಲಿದ್ದೀರಿ?’ ಎಂದು ಅವರು ಕೇಳಿದರು. ‘ಮನೆಯಲ್ಲಿ’ ಎಂದೆ. ಆ ಕೆಲಸ ಸಿಗಲಿಲ್ಲ. ಆಗಸ್ಟಿನಲ್ಲಿ ಬಿ.ಸಿ.ರೋಡಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಬೆಂಗಳೂರಿಗೆ ಹೋದ ಗೆಳೆಯರಿಗಿಂತ ಸಂಬಳ ಕಡಿಮೆ. ಆದರೆ ಬಾಡಿಗೆಗೂ ಊಟಕ್ಕೂ ಹೋಗುವ ದುಡ್ಡು ಲೆಕ್ಕ ಹಾಕಿದರೆ ಮನೆಗೆ ಉಳಿಯುವುದು ಇಲ್ಲಿಯೇ ಹೆಚ್ಚು. ಮೊದಲ ಸಂಬಳಕ್ಕೆ ಹಿಂಬಾಗಿಲು ಬಂತು. ಎರಡನೆಯದಕ್ಕೆ ವಯರು, ಸ್ವಿಚ್ಚು.

ಮನೆ ಕಟ್ಟುವವರಲ್ಲಿ ಬಹಳಷ್ಟು ಮಂದಿ ಹೀಗೆ ಕಂತು ಕಂತಾಗಿಯೇ ಕಟ್ಟುತ್ತಾರೆ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ಸಿಗುವ 1.20 ಲಕ್ಷ ರೂಪಾಯಿಯೂ ಒಮ್ಮೆಲೇ ಬರುವುದಿಲ್ಲ, ಕೆಲಸ ಎಷ್ಟು ಎದ್ದಿದೆ ಎಂದು ಫೋಟೊ ಸಮೇತ ನೋಡಿ ಬರುತ್ತದೆ. ಪಂಚಾಂಗದಿಂದ ಲಿಂಟಲ್, ಲಿಂಟಲ್‌ನಿಂದ ಮಾಡು, ಪ್ರತಿ ಹಂತದ ನಡುವೆ ಕಾಯುವಿಕೆ. ಆ ಕಾಯುವಿಕೆ ನಡೆಯುವುದು ಶೆಡ್ಡಿನಲ್ಲಿ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟದ ಬುಡದ ಊರುಗಳಿಗೆ ನೆರೆ ನುಗ್ಗಿದಾಗ ನಮ್ಮ ತಾಲೂಕಿನ ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರ ಸೇರಿದವು. ಪೂರ್ತಿ ಹೋದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಅವರಿಗೆ ಬಿಡಾರ ಆರಿಸಿಕೊಂಡದ್ದಲ್ಲ. ನಾವಾದರೂ ಹಂಚು, ಪಕ್ಕಾಸು ಜೋಡಿಸಿಟ್ಟು, ದಿನ ನೋಡಿ ಮನೆ ಬಿಚ್ಚಿದವರು.

ಅಮೆರಿಕದ ಹೆನ್ರಿ ಡೇವಿಡ್ ಥೋರೊ 1845ರಲ್ಲಿ ವಾಲ್ಡನ್ ಕೊಳದ ಬದಿ ಕಟ್ಟಿಕೊಂಡ ಪುಟ್ಟ ಮನೆಯ ಖರ್ಚನ್ನು ಲೆಕ್ಕ ಬರೆದಿಟ್ಟಿದ್ದಾನೆ, ಒಟ್ಟು 28 ಡಾಲರ್ ಚಿಲ್ಲರೆ. ಹಲಗೆಗಳಿಗಾಗಿ ಅವನು ರೈಲು ಹಳಿಯ ಕೆಲಸದ ಒಬ್ಬ ಐರಿಷ್ ಕಾರ್ಮಿಕನ ಗುಡಿಸಲನ್ನು 4 ಡಾಲರ್ 25 ಸೆಂಟಿಗೆ ಕೊಂಡು ಬಿಚ್ಚಿದ. ಸರಳ ಬದುಕಿನ ಮಾದರಿ ಎಂದು ಜಗತ್ತೇ ಹೊಗಳುವ ಆ ಮನೆಯೊಳಗೆ ಇನ್ನೊಬ್ಬರ ಬಿಡಾರದ ಹಲಗೆಗಳಿವೆ. ಆ ಸಂಸಾರ ಗಂಟುಮೂಟೆಯೊಂದಿಗೆ ಹೊರಟುಹೋಯಿತು.

ನಮ್ಮ ಅಂಗಳದಲ್ಲೂ ಇದ್ದದ್ದು ಒಂದಲ್ಲ, ಎರಡು ಶೆಡ್ಡು. ಇನ್ನೊಂದರಲ್ಲಿ ಉತ್ತರ ಕರ್ನಾಟಕದಿಂದ ಬಂದಿದ್ದ ಗಾರೆ ಕೆಲಸದ ಗಂಡ ಹೆಂಡತಿ, ಅವರ ಎಂಟು ವರ್ಷದ ಮಗಳು. ಅದೇ ಶೀಟು, ಅದೇ ಮಳೆ, ಅದೇ ಹೊಗೆ. ಬಸ್ಸಿನಲ್ಲಿ ಯಾರಾದರೂ ‘ಮನೆ ಎಲ್ಲಿಗೆ ಬಂತು?’ ಎಂದರೆ ನಾನು ‘ಶೆಡ್ಡಿನಲ್ಲಿದ್ದೇವೆ, ಜನವರಿಗೆ ಒಕ್ಕಲು’ ಎನ್ನುತ್ತಿದ್ದೆ. ಶೆಡ್ಡಿನ ಮುಜುಗರವನ್ನು ಆ ‘ಜನವರಿ’ ಮುಚ್ಚುತ್ತಿತ್ತು. ಆ ಹುಡುಗಿಗೆ ಹೇಳಲು ಹಾಗೆ ಒಂದು ತಿಂಗಳಿರಲಿಲ್ಲ. ನಮ್ಮದು ಮುಗಿದರೆ ಸಿದ್ದಕಟ್ಟೆಯಲ್ಲಿ ಇನ್ನೊಂದು ಮನೆ, ಇನ್ನೊಂದು ಶೆಡ್ಡು, ಇನ್ನೊಂದು ಶಾಲೆ.

ಕಾನೂನು ಇವರನ್ನು ಪೂರ್ತಿ ಮರೆತಿಲ್ಲ. ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಕೇಂದ್ರ ಕಾಯ್ದೆ ಬಂದಿತ್ತು. 18ರಿಂದ 60 ವರ್ಷದೊಳಗಿನವರು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಮಕ್ಕಳ ಓದಿಗೆ ಸಹಾಯಧನ, ಅಪಘಾತವಾದರೆ ಪರಿಹಾರ, ಪಿಂಚಣಿ ಅದರಿಂದ ಸಿಗುವಂಥವು. ಊರಿಂದೂರಿಗೆ ಹೋಗುವವರಿಗೆ ತೊಡಕಾಗುವುದು ಅರ್ಜಿ ತುಂಬುವುದು ಮತ್ತು ಕೆಲಸ ಮಾಡಿದ್ದಕ್ಕೆ ಪುರಾವೆ. ಅರ್ಜಿ ತುಂಬುವುದು ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಚೆನ್ನಾಗಿಯೇ ರೂಢಿಯಾಗಿರುತ್ತದಲ್ಲ? ನಿಮ್ಮ ಮನೆಯದೋ ನೆರೆಮನೆಯದೋ ಕೆಲಸ ನಡೆಯುತ್ತಿದ್ದರೆ ಒಮ್ಮೆ ಕೇಳಿ ನೋಡಿ, ಕಾರ್ಡ್ ಆಗಿದೆಯಾ ಎಂದು.

ಜನವರಿಯಲ್ಲಿ ನಮ್ಮ ಒಕ್ಕಲು ಆಯಿತು. ಅವರೂ ಊಟಕ್ಕಿದ್ದರು. ಮರುದಿನ ಶೆಡ್ಡು ಬಿಚ್ಚಿದೆವು. ಹಂಚು ಬಚ್ಚಲು ಕೊಟ್ಟಿಗೆಗೆ ಹೋಯಿತು, ಚೆನ್ನಾಗಿದ್ದ ಶೀಟುಗಳನ್ನು ಅಪ್ಪ ಅವರ ಟೆಂಪೊಗೆ ಹೇರಿಸಿದರು. ಪಂಚಾಯತಿನಿಂದ ಹೊಸ ಮನೆಗೆ ಡೋರ್ ನಂಬರ್ ಬಂದ ಮೇಲೆ ನಾನು ಅವರಿಬ್ಬರ ಅರ್ಜಿ ತುಂಬಿದೆ. 90 ದಿನದ ಕೆಲಸದ ದೃಢೀಕರಣ ಪತ್ರದಲ್ಲಿ ಕೆಲಸ ಕೊಟ್ಟವರ ವಿಳಾಸ ಬರೆಯುವ ಜಾಗಕ್ಕೆ ಆ ನಂಬರ್ ಹಾಕಿದೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸಹಿ ಮಾಡಿದರು. ನಮ್ಮ ಮನೆಯ ನಂಬರನ್ನು ಒಂದು ಕಾಗದದ ಮೇಲೆ ಬರೆದದ್ದು ಅದೇ ಮೊದಲು.